ಜೋಂಬಿ ಬಂದರೆ ಆಂಡರ್ಸನ್‌ಪೇಟೆಗೆ ಏನು ಗತಿ?

(ದತ್ತಿ ಉಪನ್ಯಾಸದ ಪಠ್ಯ)



ಆಹ್ವಾನ ಪತ್ರಿಕೆಯಲ್ಲಿ ಇವತ್ತಿನ ವಿಷಯ ನೋಡಿ ಕೆಲವರು ಅಚ್ಚಿನ ತಪ್ಪಿರಬೇಕು ಅಂದುಕೊಂಡರಂತೆ. ದತ್ತಿ ಉಪನ್ಯಾಸ ಅಂದಮೇಲೆ ವಚನವೋ, ದಾಸರ ಪದವೋ, ಕೋಲಾರ ಸೀಮೆಯ ಶಾಸನವೋ ಇರಬೇಕಲ್ಲ! ಆದರೆ ದತ್ತಿ ಇಟ್ಟವರು ಎರಡು ಷರತ್ತು ಹಾಕಿದ್ದಾರೆ. ಮಾತು ಜನರ ಆರೋಗ್ಯದ ಬಗ್ಗೆ ಇರಬೇಕು, ಶಾಲೆಯ ಮಕ್ಕಳು ಎದ್ದು ಹೋಗದೆ ಕೂತು ಕೇಳುವಂತಿರಬೇಕು. ಎರಡನೆಯ ಷರತ್ತಿಗಾಗಿಯೇ ಜೋಂಬಿಯನ್ನು ಕರೆದುಕೊಂಡು ಬಂದಿದ್ದೇನೆ. ಹಿಂದಿನ ಸಾಲಿನಲ್ಲಿ ಕೂತಿರುವ ಹಿರಿಯರಿಗಾಗಿ ಒಂದು ಮಾತು: ಜೋಂಬಿ ಅಂದರೆ ಸತ್ತು ಎದ್ದು ಓಡಾಡುವ ಹೆಣ. ಅದು ಯಾರನ್ನು ಕಚ್ಚುತ್ತದೋ ಅವರೂ ಜೋಂಬಿ ಆಗುತ್ತಾರೆ. ಮೊಮ್ಮಕ್ಕಳನ್ನು ಕೇಳಿ, ಇನ್ನೂ ಚೆನ್ನಾಗಿ ಹೇಳುತ್ತಾರೆ.

ನಾನು ವಿಜ್ಞಾನದ ಮೇಷ್ಟ್ರಾಗಿದ್ದವನು. ಮಳೆ ಬಂದು ಆಟದ ಪೀರಿಯಡ್ ಹಾಳಾದಾಗ ಹುಡುಗರು ಈ ಚರ್ಚೆ ತೆಗೆಯುತ್ತಿದ್ದರು. ಜೋಂಬಿಗಳು ಬಂದರೆ ನಾವು ಎಲ್ಲಿ ಅವಿತುಕೊಳ್ಳೋಣ, ಸಾರ್? ಕೋಲಾರ ಚಿನ್ನದ ಗಣಿಯ ಊರು ನಮ್ಮದು. ಇಲ್ಲಿನ ಹುಡುಗರ ಉತ್ತರ ಯಾವಾಗಲೂ ಒಂದೇ: ಚಾಂಪಿಯನ್ ರೀಫ್ ಶಾಫ್ಟ್ ಇಳಿದುಬಿಡೋಣ. ಅಪ್ಪ, ತಾತಂದಿರು ಅಂಡರ್‌ಗ್ರೌಂಡ್ ಕೆಲಸ ಮಾಡಿದ ಮನೆಯ ಮಕ್ಕಳಿಗೆ ನೆಲದಡಿಯ ಮೇಲೆ ಅಷ್ಟು ನಂಬಿಕೆ. ನಾನು ಅವರ ಆಸೆಗೆ ತಣ್ಣೀರು ಹಾಕುತ್ತಿದ್ದೆ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಕೆಳಗೆ ಬಂಡೆಯ ಬಿಸಿಯೇ ಅರವತ್ತು ಡಿಗ್ರಿ ದಾಟುತ್ತದೆ. ತಂಪು ಗಾಳಿ ತಳ್ಳುವ ಯಂತ್ರ, ನೀರೆತ್ತುವ ಪಂಪು ಎಲ್ಲವೂ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಒಂದೊಂದಾಗಿ ನಿಂತುಹೋದವು. ಈಗ ಶಾಫ್ಟಿನ ತುಂಬ ನೀರು. ಅಲ್ಲಿ ಜೋಂಬಿಯೂ ಬದುಕುವುದಿಲ್ಲ.

ಈ ಆಟವನ್ನು ದೊಡ್ಡವರೂ ಆಡಿದ್ದಾರೆ. 2011ರ ಮೇ ತಿಂಗಳಲ್ಲಿ ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಜೋಂಬಿ ದಾಳಿಗೆ ತಯಾರಾಗುವುದು ಹೇಗೆ ಎಂಬ ಲೇಖನ ಪ್ರಕಟಿಸಿತು. ಬರೆದವರು ಅಲ್ಲಿನ ಹಿರಿಯ ವೈದ್ಯಾಧಿಕಾರಿ ಅಲಿ ಖಾನ್. ಓದುವವರ ನೂಕುನುಗ್ಗಲಿಗೆ ಅವರ ಸರ್ವರೇ ಕುಸಿದುಬಿತ್ತು. ಒಳಗೆ ಇದ್ದದ್ದು ಸಾದಾ ಮಾತು: ಮನೆಯಲ್ಲಿ ಕುಡಿಯುವ ನೀರು ಕೂಡಿಟ್ಟುಕೊಳ್ಳಿ, ಕೆಡದ ಆಹಾರ, ಔಷಧ, ಟಾರ್ಚ್, ಮುಖ್ಯ ಕಾಗದಪತ್ರ ಒಂದು ಕಡೆ ಇಡಿ, ಮನೆಯವರು ಚೆದುರಿದರೆ ಎಲ್ಲಿ ಸೇರಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಚಂಡಮಾರುತಕ್ಕೂ ಭೂಕಂಪಕ್ಕೂ ಇದೇ ಪಟ್ಟಿ. ಚಂಡಮಾರುತ ಅಂದರೆ ಯಾರೂ ಓದುವುದಿಲ್ಲ, ಜೋಂಬಿ ಅಂದರೆ ಓದುತ್ತಾರೆ. ಅವರ ಉಪಾಯವನ್ನೇ ನಾನು ಕದ್ದಿದ್ದೇನೆ. ಕದ್ದ ಮೇಲೆ ಅವರ ಜೊತೆ ಜಗಳವನ್ನೂ ಆಡುತ್ತೇನೆ. ಜೋಂಬಿ ಕಥೆ ನಮಗೆ ನೀರು ಕೂಡಿಡುವುದರ ಜೊತೆಗೆ ಇನ್ನೊಂದು ಪಾಠವನ್ನೂ ಸದ್ದಿಲ್ಲದೆ ಕಲಿಸುತ್ತದೆ, ಅದು ಕೆಟ್ಟ ಪಾಠ.

ನೀವು ನೋಡಿದ ಯಾವ ಜೋಂಬಿ ಸಿನಿಮಾನಾದರೂ ನೆನಪು ಮಾಡಿಕೊಳ್ಳಿ. ಈ ಊರಿನಲ್ಲಿ ಮೂರು ಭಾಷೆಯ ಸಿನಿಮಾ ನೋಡುತ್ತೇವೆ, ಹಾಗಾಗಿ 2016ರ ತಮಿಳಿನ ‘ಮಿರುದನ್’ ನೋಡಿದವರಿದ್ದೀರಿ, ಕರ್ನೂಲು ಸೀಮೆಯಲ್ಲಿ ನಡೆಯುವ 2021ರ ತೆಲುಗಿನ ‘ಜೋಂಬಿ ರೆಡ್ಡಿ’ ನೋಡಿದವರೂ ಇದ್ದೀರಿ. ಈ ಬಗೆಯ ಕಥೆಗಳಲ್ಲಿ ತಪ್ಪದೆ ಬರುವ ಒಂದು ಸನ್ನಿವೇಶ ಇದೆ. ಹತ್ತು ಜನ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಅವರಲ್ಲಿ ಒಬ್ಬ ತೋಳು ಮುಚ್ಚಿಕೊಂಡಿದ್ದಾನೆ. ಅವನಿಗೆ ಕಚ್ಚಿಯಾಗಿದೆ, ಹೇಳುತ್ತಿಲ್ಲ. ಹೇಳಿದರೆ ಹೊರಗೆ ತಳ್ಳುತ್ತಾರೆ, ಇಲ್ಲವೇ ಅಲ್ಲೇ ಕೊಲ್ಲುತ್ತಾರೆ. ನೋಡುವ ನಮಗೆ ಸಿಟ್ಟು ಬರುತ್ತದೆ: ಹೇಳಬಾರದೇನೋ, ಪಾಪಿ! ಕಚ್ಚಿಸಿಕೊಂಡವನು ಆ ಗಳಿಗೆಯಿಂದ ಶತ್ರು. ಅಣ್ಣನಾದರೂ ಸರಿ, ಹೆತ್ತ ಮಗುವಾದರೂ ಸರಿ. ಅಂಥದ್ದೇ ಕೋಣೆಗಳು ನಮ್ಮಲ್ಲೂ ಇವೆ, ತೋಳು ಮುಚ್ಚಿಕೊಂಡ ಮಗುವೂ ಇದೆ. ಆದರೆ ಅದನ್ನು ಕಚ್ಚಿದ್ದು ನಾಯಿ.

ಕಚ್ಚುವುದರಿಂದ ಹರಡುವ, ಮಿದುಳಿಗೇರಿ ಮನುಷ್ಯನನ್ನು ಗುರುತು ಸಿಗದ ಹಾಗೆ ಮಾಡುವ, ಶುರುವಾದ ಮೇಲೆ ಮದ್ದಿಲ್ಲದ ರೋಗ ಭೂಮಿಯ ಮೇಲೆ ನಿಜವಾಗಿ ಒಂದಿದೆ. ರೇಬಿಸ್. ನಾವು ಹುಚ್ಚುನಾಯಿ ರೋಗ ಅನ್ನುತ್ತೇವೆ, ನಿಮ್ಮಲ್ಲಿ ಬಹುಪಾಲು ಮನೆಗಳಲ್ಲಿ ತಮಿಳಿನಲ್ಲಿ ವೆರಿನಾಯ್ ರೋಗ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ. ಅವರಲ್ಲಿ ನೂರಕ್ಕೆ ನಲವತ್ತು ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು. ಮನುಷ್ಯನಿಗೆ ತಗಲುವ ರೇಬಿಸ್‌ನಲ್ಲಿ ಹೆಚ್ಚುಕಡಿಮೆ ಎಲ್ಲವೂ ನಾಯಿಯ ಹಲ್ಲಿನಿಂದ ಬಂದದ್ದೇ.

ಈ ವೈರಾಣು ನಡೆಯುವ ದಾರಿ ವಿಚಿತ್ರ. ಬೇರೆ ರೋಗಾಣುಗಳ ಹಾಗೆ ರಕ್ತದಲ್ಲಿ ತೇಲಿಕೊಂಡು ಹೋಗುವುದಿಲ್ಲ. ಕಚ್ಚಿದ ಜಾಗದಲ್ಲಿ ಸ್ವಲ್ಪ ಕಾಲ ಸುಮ್ಮನಿದ್ದು, ಪಕ್ಕದ ನರ ಹಿಡಿದು, ಆ ನರದೊಳಗೇ ಮಿದುಳಿನ ಕಡೆಗೆ ಹತ್ತುತ್ತದೆ. ಕಾಲಿಗೆ ಕಚ್ಚಿದರೆ ದೂರದ ದಾರಿ. ಮುಖಕ್ಕೋ ಕತ್ತಿಗೋ ಕಚ್ಚಿದರೆ ಹತ್ತಿರದ ದಾರಿ. ಮಕ್ಕಳು ಕುಳ್ಳಗಿರುವುದರಿಂದ ನಾಯಿಯ ಬಾಯಿ ಅವರ ಮುಖಕ್ಕೇ ಎಟಕುತ್ತದೆ. ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಕೆಲವೊಮ್ಮೆ ಒಂದೇ ವಾರ, ಅಪರೂಪಕ್ಕೆ ವರ್ಷದ ಮೇಲೆ. ಕಾಣಿಸಿಕೊಂಡ ಮೇಲೆ ಉಳಿದವರನ್ನು ಬೆರಳಲ್ಲಿ ಎಣಿಸಬಹುದು. ನೀರಿನ ಲೋಟ ತುಟಿಗೆ ತಂದರೆ ಗಂಟಲು ಹಿಡಿದುಕೊಳ್ಳುತ್ತದೆ, ಗಾಳಿ ಬೀಸಿದರೂ ಮೈ ನಡುಗುತ್ತದೆ, ನಡುನಡುವೆ ಪೂರ್ತಿ ಎಚ್ಚರವಾಗಿ ತಾಯಿಯ ಹೆಸರು ಹಿಡಿದು ಕರೆಯುತ್ತಾರೆ. ರೋಗಿ ನಾಯಿಯಂತೆ ಬೊಗಳುತ್ತಾನೆ, ಮೇಲೆ ಬಿದ್ದು ಕಚ್ಚುತ್ತಾನೆ ಅನ್ನುವುದು ಕಟ್ಟುಕಥೆ. ಗಂಟಲು ಬಿಗಿದಾಗ ಹೊರಡುವ ಸದ್ದನ್ನೇ ಜನ ಬೊಗಳು ಅಂದರು. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡಿದ್ದು ಅಂಗಾಂಗ ಕಸಿಯಂಥ ಅಪರೂಪದ ಪ್ರಸಂಗಗಳಲ್ಲಿ. ಆರೈಕೆ ಮಾಡುವವರು ಕೈಗವಸು ಹಾಕಿಕೊಂಡು, ಜೊಲ್ಲು ತಾಗದಂತೆ ನೋಡಿಕೊಂಡು, ಪಕ್ಕದಲ್ಲೇ ಕೂರಬಹುದು. ರೋಗಿಯನ್ನು ಕತ್ತಲ ಕೋಣೆಯಲ್ಲಿ ಕೂಡಿ ಚಿಲಕ ಹಾಕಬೇಕಾಗಿಲ್ಲ.

ಈಗ ಕಥೆಗೂ ನಿಜಕ್ಕೂ ಇರುವ ವ್ಯತ್ಯಾಸ ನೋಡಿ. ಸಿನಿಮಾದಲ್ಲಿ ಕಚ್ಚಿದ ಕೂಡಲೇ ಎಲ್ಲ ಮುಗಿದುಹೋಗುತ್ತದೆ. ನಿಜದಲ್ಲಿ ಕೆಲಸ ಶುರುವಾಗುವುದೇ ಆಗ. ವೈರಾಣು ಆಮೆಯ ನಡಿಗೆಯಲ್ಲಿ ಹೋಗುತ್ತಿರುವಾಗ ಲಸಿಕೆ ಅದಕ್ಕಿಂತ ಮುಂಚೆ ಮೈಯನ್ನು ಸಜ್ಜು ಮಾಡುತ್ತದೆ. ಕಚ್ಚಿಸಿಕೊಂಡ ಮೇಲೂ ಲಸಿಕೆ ಹಾಕಿ ಜೀವ ಉಳಿಸಬಹುದಾದ ರೋಗಗಳು ಬಹಳ ಕಡಿಮೆ. 1885ರ ಜುಲೈ 6ರಂದು ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಹುಡುಗ ಜೋಸೆಫ್ ಮೈಸ್ಟರ್‌ಗೆ ಹೀಗೆ ಲಸಿಕೆ ಕೊಡಿಸಿದ, ಹುಡುಗ ಉಳಿದ. ನಮ್ಮ ಕಡೆಗೆ ಅದು ಬಂದದ್ದು ನೀಲಗಿರಿಯ ಕೂನೂರಿಗೆ. 1907ರಲ್ಲಿ ಅಲ್ಲಿ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ ತೆರೆಯಿತು. ಹಣದಲ್ಲಿ ಒಂದು ಪಾಲು ಅಮೆರಿಕದ ಹೆನ್ರಿ ಫಿಪ್ಸ್ ಎಂಬ ಸಾಹುಕಾರ ಕೊಟ್ಟ ದೇಣಿಗೆ. ದತ್ತಿ ಇಟ್ಟ ಮನೆಯವರು ಮುಂದಿನ ಸಾಲಿನಲ್ಲೇ ಕೂತಿರುವುದರಿಂದ ಈ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ. ಅಂದಹಾಗೆ ‘ಮಿರುದನ್’ ಕಥೆ ನಡೆಯುವುದು ಊಟಿಯಲ್ಲಿ, ಕೂನೂರಿನ ನೆರೆಯಲ್ಲೇ. ಊಟಿಯಲ್ಲಿ ಜೋಂಬಿ ಬಂದಾಗ ಬೆಟ್ಟದ ಕೆಳಗಿನ ಸಂಸ್ಥೆಯ ನೆನಪು ಯಾರಿಗೂ ಆಗಲಿಲ್ಲವಲ್ಲ ಎಂದು ನನಗೆ ಸಿನಿಮಾ ಮುಗಿಯುವವರೆಗೂ ಸಂಕಟ.

ಹಿರಿಯರಿಗೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ನಿನ ಹೆದರಿಕೆ ಇನ್ನೂ ಇದೆ. ಅದು ಹಳೆಯ ಕಾಲದ, ಪ್ರಾಣಿಯ ಮಿದುಳಿನಿಂದ ತಯಾರಿಸುತ್ತಿದ್ದ ಲಸಿಕೆ. ಅದನ್ನು ಭಾರತದಲ್ಲಿ ನಿಲ್ಲಿಸಿ ಇಪ್ಪತ್ತು ವರ್ಷವಾಯಿತು. ಈಗ ತೋಳಿಗೆ, ಬೆರಳೆಣಿಕೆಯ ಸಲ. ಆದರೂ ಆ ಹದಿನಾಲ್ಕರ ಮಾತು ಅಜ್ಜಿಯಿಂದ ಮೊಮ್ಮಗನಿಗೆ ಇಳಿದು ಬಂದಿದೆ. ನಾಯಿ ಕಚ್ಚಿದ್ದನ್ನು ಮಗು ಮುಚ್ಚಿಡುವುದಕ್ಕೆ ಅದೂ ಒಂದು ಕಾರಣ. ಉಳಿದ ಕಾರಣಗಳು ನಿಮಗೆ ಗೊತ್ತು. ಆಡಬೇಡ ಅಂದ ಬೀದಿಯಲ್ಲಿ ಆಡಿದ್ದು ತಿಳಿಯುತ್ತದೆ. ಮರಿಯನ್ನು ಕದ್ದು ಸಾಕಿದ್ದು ತಿಳಿಯುತ್ತದೆ. ಅಪ್ಪನಿಗೆ ಒಂದು ದಿನದ ಕೂಲಿ ಹೋಗುತ್ತದೆ ಎಂಬುದು ಆರು ವರ್ಷದ ಕೂಸಿಗೂ ಗೊತ್ತಿರುತ್ತದೆ. ಗೀರು ಸಣ್ಣದು, ಮುಳ್ಳು ತರಚಿತು ಅಂದರೆ ಮುಗಿಯಿತು. ಎರಡು ತಿಂಗಳ ಮೇಲೆ ಆ ಮಗು ನೀರು ಬೇಡ ಅನ್ನುತ್ತದೆ.

ಮುಚ್ಚಿಡುವುದನ್ನು ನಮ್ಮ ಸೀಮೆ ಒಮ್ಮೆ ದೊಡ್ಡ ಪ್ರಮಾಣದಲ್ಲಿ ಕಂಡಿದೆ. 1898ರ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರಿಗೆ ಬಂತು. ರೈಲಿನ ಜೊತೆಯಲ್ಲೇ ಬಂತು. ಮೈಸೂರು ಸರ್ಕಾರ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ಕಂಕುಳು ಮುಟ್ಟಿ ಗಡ್ಡೆ ಹುಡುಕಿದರು. ಮನೆಮನೆ ಹೊಕ್ಕು ಕಾಯಿಲೆಯವರನ್ನು ಆಸ್ಪತ್ರೆ ಶೆಡ್ಡಿಗೆ, ಮನೆಯವರನ್ನು ಕ್ಯಾಂಪಿಗೆ ಒಯ್ದರು. ಅಧಿಕಾರಿಗಳ ಉದ್ದೇಶ ಕೆಟ್ಟದ್ದಿರಲಿಲ್ಲ. ಆದರೆ ಜನ ಏನು ಮಾಡಿದರು? ರೋಗಿಯನ್ನು ಅಟ್ಟದ ಮೇಲೆ ಮಲಗಿಸಿದರು, ಹೆಣವನ್ನು ರಾತ್ರೋರಾತ್ರಿ ಸಾಗಿಸಿದರು. ಮುಂಬೈಯಲ್ಲಿ, ಪುಣೆಯಲ್ಲಿ ಹೀಗೇ ಆಗಿತ್ತು, ಇಲ್ಲೂ ಆಯಿತು. ಶೆಡ್ಡಿಗೆ ಹೋದವರು ತಿರುಗಿ ಬರುವುದಿಲ್ಲ ಎಂದು ನಂಬಿದ ಮೇಲೆ ಯಾವ ತಾಯಿ ಮಗನನ್ನು ಒಪ್ಪಿಸುತ್ತಾಳೆ?

ಅದೇ ಕಾಲದ ಹಳ್ಳಿಗಳಲ್ಲಿ ಇನ್ನೊಂದು ಪದ್ಧತಿ ಬೆಳೆಯಿತು. ಇಲಿ ಬಿತ್ತು ಅಂದರೆ ಸಾಕು, ಊರಿಗೆ ಊರೇ ಗಂಟುಮೂಟೆ ಕಟ್ಟಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಮೊದಲು ಸಾಯುವುದು ಇಲಿ, ಆಮೇಲೆ ಮನುಷ್ಯ. ಇಲಿ ಸತ್ತಾಗ ಅದರ ಮೈಮೇಲಿನ ಚಿಗಟ ಹೊಸ ಮೈ ಹುಡುಕಿಕೊಂಡು ಬರುತ್ತದೆ ಎಂಬ ವಿವರ ಅವರಿಗೆ ತಿಳಿದಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಕಾಯಿಲೆಯವರನ್ನು ಬಿಟ್ಟು ಓಡಲಿಲ್ಲ, ಎಲ್ಲರೂ ಕೂಡಿ ಮನೆಗಳನ್ನು ಬಿಟ್ಟರು. ದೇವರನ್ನೂ ಹೊತ್ತುಕೊಂಡು ಹೋದರು. ನನ್ನ ಮಟ್ಟಿಗೆ ನಮ್ಮ ಜನ ಮಾಡಿದ ಅತ್ಯುತ್ತಮ ತಯಾರಿ ಅದು. ಯಾವ ಸಿಡಿಸಿಯೂ ಹೇಳಿಕೊಟ್ಟದ್ದಲ್ಲ.

ಪ್ಲೇಗ್ ದೂರದ ಕಾಲದ ಮಾತು ಅನ್ನಬೇಡಿ. 1994ರಲ್ಲಿ ಸೂರತ್ ಮತ್ತು ಬೀಡ್‌ನಲ್ಲಿ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಮುಂಚೆ ಈ ದೇಶದ ಕೊನೆಯ ಪ್ಲೇಗ್ ರೋಗಿ ದಾಖಲಾಗಿದ್ದು 1966ರಲ್ಲಿ, ನಮ್ಮದೇ ಜಿಲ್ಲೆಯ ಮುಳಬಾಗಿಲಿನಲ್ಲಿ. ಕರ್ನಾಟಕ, ಆಂಧ್ರ, ತಮಿಳುನಾಡು ಕೂಡುವ ಈ ಗಡಿ ಮೂಲೆ ಪ್ಲೇಗಿನ ಹಳೆಯ ಬೀಡು. ಅದಕ್ಕೆಂದೇ ಕೇಂದ್ರ ಸರ್ಕಾರದ ಪ್ಲೇಗ್ ಕಣ್ಗಾವಲು ಘಟಕವೊಂದು ಬೆಂಗಳೂರಿನಲ್ಲಿದೆ. ಅದರ ಸಿಬ್ಬಂದಿ ಈ ಕಡೆಯ ಹಳ್ಳಿಗಳಲ್ಲಿ ಇಲಿ ಹೆಗ್ಗಣ ಹಿಡಿದು, ಚಿಗಟ ಎಣಿಸಿ, ರಕ್ತ ಪರೀಕ್ಷೆ ಮಾಡಿದ್ದಾರೆ. ನಾಯಿಯ ರಕ್ತವನ್ನೂ ತೆಗೆಯುತ್ತಾರೆ. ಪ್ಲೇಗಿನ ಇಲಿಯನ್ನು ತಿಂದ ನಾಯಿ ಸಾಮಾನ್ಯವಾಗಿ ಸಾಯುವುದಿಲ್ಲ, ಅದರ ರಕ್ತದಲ್ಲಿ ಗುರುತು ಉಳಿಯುತ್ತದೆ. ನಾವು ಕಲ್ಲು ಹೊಡೆಯುವ ಬೀದಿನಾಯಿ ಅಲ್ಲಿ ಸರ್ಕಾರದ ಸಾಕ್ಷಿ.

ಮುಚ್ಚಿಡುವುದರ ಮಾತಿಗೆ ಮರಳಿದರೆ, ಬಾಗಿಲ ಮೇಲಿನ ಬರಹದ ಬಗ್ಗೆಯೂ ಒಂದು ಮಾತು ಹೇಳಬೇಕು. 1990ರ ದಶಕದಲ್ಲಿ ಬೆಂಗಳೂರು ಸುತ್ತಿನ ಊರುಗಳಲ್ಲಿ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ರಾತ್ರಿ ಒಂದು ಹೆಣ್ಣು ದೆವ್ವ ನಿಮ್ಮ ಸ್ವಂತದವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆರೆದರೆ ಮುಗಿಯಿತು. ಬರಹ ಓದಿ ಅದು ಹೋಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಸೀಮೆಸುಣ್ಣದ ಖರ್ಚಿನಲ್ಲಿ ದೆವ್ವವನ್ನು ಕಚೇರಿಯ ಅರ್ಜಿದಾರನಂತೆ ಅಲೆಸಿದ ಈ ಜಾಣತನ ನನಗೆ ಇಷ್ಟ. 2020ರಲ್ಲಿ ಬಾಗಿಲುಗಳಿಗೆ ಮತ್ತೊಂದು ಬರಹ ಬಂತು, ಕ್ವಾರಂಟೈನ್ ಚೀಟಿ. ಮೊದಲನೆಯದು ಒಳಗಿನವರನ್ನು ಹೊರಗಿನದರಿಂದ ಕಾಯುತ್ತಿತ್ತು. ಎರಡನೆಯದು ಒಳಗಿನವರನ್ನೇ ಬೀದಿಗೆ ತೋರಿಸಿಕೊಟ್ಟಿತು. ಹಾಲಿನವನು ಬರಲಿಲ್ಲ, ಎದುರುಮನೆಯವರು ಕಿಟಕಿ ಮುಚ್ಚಿದರು. ಆಮೇಲೆ ಜ್ವರ ಬಂದವರು ಮಾತ್ರೆ ನುಂಗಿ ಸುಮ್ಮನಾದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಂಥ ಚೀಟಿಗಳನ್ನು ಸುಮ್ಮನೆ ಅಂಟಿಸಬಾರದು ಅಂದಿತು. ಅಷ್ಟು ಹೊತ್ತಿಗೆ ಮುಚ್ಚಿಡುವುದನ್ನು ಎಲ್ಲರೂ ಕಲಿತಾಗಿತ್ತು.

ಹಾಗಾದರೆ ಆಂಡರ್ಸನ್‌ಪೇಟೆ ಏನು ತಯಾರಿ ಮಾಡಿಕೊಳ್ಳಬೇಕು?

ಮೊದಲು ನೀರು. ನಾಯಿ ಕಚ್ಚಿದ ಗಾಯವನ್ನು ಸೋಪು ಹಚ್ಚಿ, ನೀರು ಸುರಿಯುತ್ತಾ, ಹದಿನೈದು ನಿಮಿಷ ತೊಳೆಯಬೇಕು. ಈ ವೈರಾಣುವಿನ ಮೇಲ್ಪದರದಲ್ಲಿ ಕೊಬ್ಬಿದೆ, ಸೋಪು ಅದನ್ನು ಒಡೆದುಹಾಕುತ್ತದೆ. ಎಣ್ಣೆ ಪಾತ್ರೆಗೆ ಸೋಪು ಹಾಕುವ ಎಲ್ಲರಿಗೂ ಇದು ಅರ್ಥವಾಗುತ್ತದೆ. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದಪುಡಿ ಯಾವುದೂ ಬೇಡ. ಬಟ್ಟೆ ಬಿಗಿದು ಕಟ್ಟುವುದೂ ಬೇಡ. ಬರೀ ಸೋಪು, ನೀರು, ಗಡಿಯಾರ. ಪುಸ್ತಕದಲ್ಲಿ ‘ಹರಿಯುವ ನೀರು’ ಎಂದು ಬರೆದುಬಿಡುತ್ತಾರೆ. ಬರೆದವರ ಮನೆಯ ನಲ್ಲಿಯಲ್ಲಿ ಸದಾ ನೀರಿರುತ್ತದೆ. ಬೇತಮಂಗಲದ ಕೆರೆಯನ್ನು ನೆಚ್ಚಿ ಬೆಳೆದ ಊರು ನಮ್ಮದು. ನೀರು ಬಿಡುವ ದಿನಕ್ಕೆ ಬಿಂದಿಗೆ ಸಾಲಿಡುವವರು, ಟ್ಯಾಂಕರ್ ಕಾಯುವವರು ನಾವು. ಗಣಿ ಕಾರ್ಮಿಕರ ಲೈನ್ ಮನೆಯ ಹೆಂಗಸು ಮಗುವಿನ ಗಾಯದ ಮೇಲೆ ಹದಿನೈದು ನಿಮಿಷ ನೀರು ಸುರಿಯುವಾಗ ರಾತ್ರಿಯ ಅಡಿಗೆಯ ನೀರನ್ನೇ ಸುರಿಯುತ್ತಿರುತ್ತಾಳೆ. ಅದಕ್ಕೇ ಎರಡು ನಿಮಿಷಕ್ಕೆ ನಿಲ್ಲಿಸುತ್ತಾಳೆ. ಅವಳಿಗೆ ತಿಳಿವಳಿಕೆ ಇಲ್ಲ ಎಂದು ಭಾಷಣ ಮಾಡುವುದು ಸುಲಭ. ಲೆಕ್ಕ ಹಾಕೋಣ: ಸಣ್ಣ ಧಾರೆಯಾಗಿ ನಿಮಿಷಕ್ಕೆ ಒಂದು ಲೀಟರ್ ಅಂದರೆ ಹದಿನೈದು ಲೀಟರ್, ಹೆಚ್ಚುಕಡಿಮೆ ಒಂದು ಪ್ಲಾಸ್ಟಿಕ್ ಕೊಡ. ಪ್ರತಿ ಬೀದಿಯಲ್ಲಿ ಯಾರಾದರೂ ಒಬ್ಬರ ಮನೆಯಲ್ಲಿ ಒಂದು ಕೊಡ ನೀರು, ಒಂದು ಸೋಪು ಮೀಸಲು ಇರಲಿ. ಯಾರ ಮಗುವಾದರೂ ಸರಿ, ಯಾವ ಹೊತ್ತಾದರೂ ಸರಿ, ಅಲ್ಲಿಗೆ ಓಡಿ ಬರಬಹುದು ಎಂದು ಮಕ್ಕಳಿಗೆ ಹೇಳಿರಿ. ಅಲ್ಲಿ ಬೈಗುಳ ಇರುವುದಿಲ್ಲ ಎಂದೂ ಹೇಳಿರಿ. ಗಣಿಯಲ್ಲಿ ಏರ್‌ಬ್ಲಾಸ್ಟ್ ಆದಾಗ, ಅಂದರೆ ಒಳಗೆ ಬಂಡೆ ಸಿಡಿದಾಗ, ಕೆಳಗಿಳಿದವರೆಷ್ಟು, ಮೇಲೆ ಬಂದವರೆಷ್ಟು ಎಂದು ತಲೆ ಎಣಿಸುವುದು ಮೊದಲ ಕೆಲಸವಾಗಿತ್ತು. ಬಂಡೆ ಯಾಕೆ ಸಿಡಿಯಿತು, ತಪ್ಪು ಯಾರದು ಎಂಬ ವಿಚಾರಣೆ ಆಮೇಲೆ. ಇಲ್ಲೂ ಹಾಗೆಯೇ ಆಗಲಿ.

ಎರಡನೆಯದು ಆಸ್ಪತ್ರೆ. ಇಲ್ಲಿ ಒಂದು ಕಹಿ ಮಾತಿದೆ. ಗಣಿಯ ಕಾಲದಲ್ಲಿ ಈ ಊರಿಗಿದ್ದಂಥ ಆಸ್ಪತ್ರೆ ಸುತ್ತಮುತ್ತ ಎಲ್ಲೂ ಇರಲಿಲ್ಲ. ಗಣಿಯ ಜೊತೆ ಅದೂ ಮುಚ್ಚಿತು. ಇಪ್ಪತ್ತು ವರ್ಷ ಹಾಳುಬಿದ್ದಿದ್ದ ಕಟ್ಟಡವನ್ನು 2021ರ ಕೋವಿಡ್ ಎರಡನೇ ಅಲೆಯಲ್ಲಿ ಜನ ಸೇರಿ ಕಸ ಬಳಿದು, ಸುಣ್ಣ ಬಣ್ಣ ಹೊಡೆದು, ಹಾಸಿಗೆ ಹಾಕಿ ಸಿದ್ಧ ಮಾಡಿದರು. ಹೆಮ್ಮೆ ಪಡಬೇಕಾದ ಕೆಲಸವೇ. ಆದರೆ ಬೆಂಕಿ ಬಿದ್ದಾಗ ಬಾವಿ ತೋಡಿದ್ದನ್ನು ತಯಾರಿ ಅನ್ನಲಾಗದು.

ಈಗಿರುವ ಸರ್ಕಾರಿ ಆಸ್ಪತ್ರೆಗೆ ಹೋದಾಗ ಕೇಳಬೇಕಾದ್ದು ಎರಡು. ಲಸಿಕೆ ಒಂದು. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದೊಳಗೇ ಕೊಡುವ ಸೀರಂ ಇನ್ನೊಂದು. ಲಸಿಕೆ ಮೈಯನ್ನು ಸಜ್ಜು ಮಾಡಲು ಕೆಲವು ದಿನ ಬೇಕು, ಅಲ್ಲಿಯ ತನಕ ಕಾವಲು ನಿಲ್ಲುವುದು ಈ ಸೀರಂ. ಅದು ಇಲ್ಲಿಲ್ಲ ಅಂದರೆ ಎಲ್ಲಿದೆ ಎಂದು ಕೇಳಿ, ಅಲ್ಲಿಗೇ ಹೋಗಿ. ಬಸುರಿಯರೂ ಕೈಕೂಸುಗಳೂ ಲಸಿಕೆ ಹಾಕಿಸಿಕೊಳ್ಳಬಹುದು. ಕಚ್ಚಿದ ನಾಯಿ ಹತ್ತು ದಿನ ಆರೋಗ್ಯವಾಗಿ ಬದುಕಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗ ಇರಲಿಲ್ಲ ಎಂದರ್ಥ, ಮುಂದಿನ ಡೋಸಿನ ಬಗ್ಗೆ ವೈದ್ಯರನ್ನು ಕೇಳಬಹುದು. ಹತ್ತು ದಿನ ಕಾದು ಆಮೇಲೆ ಶುರು ಮಾಡೋಣ ಅನ್ನುವುದು ಮಾತ್ರ ಬೇಡ. ನಾಯಿಯನ್ನು ಹೊಡೆದು ಕೊಂದರಂತೂ ಇದ್ದ ಸಾಕ್ಷಿಯೂ ಹೋಯಿತು.

ನಾಯಿಗಳ ಬಗ್ಗೆ ಜಗಳಕ್ಕೆ ನಾನು ಇಳಿಯುವುದಿಲ್ಲ. ಅದಕ್ಕೆ ಇನ್ನೊಂದು ದತ್ತಿಯೇ ಬೇಕಾಗುತ್ತದೆ. ಒಂದು ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಹಾಕಿ ಅದನ್ನು ಉಳಿಸಿಕೊಂಡು ಹೋದರೆ ರೇಬಿಸ್‌ನ ಸರಪಳಿ ಕಡಿಯುತ್ತದೆ, ಇಷ್ಟು ಮಾತ್ರ ಹೇಳುತ್ತೇನೆ. ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಸುತ್ತ ಮಲಗುವ ನಾಯಿಗಳಿಗೆ ದಿನವೂ ಅನ್ನ ಹಾಕುವ ಅಕ್ಕಂದಿರಿಗೆ ಅವು ಒಂದೊಂದೂ ಗುರುತು. ಲಸಿಕೆಯ ದಿನ ಹಿಡಿಸಿಕೊಡಬಲ್ಲವರು ಅವರೇ. ಅವರನ್ನು ಬೈದು ಓಡಿಸಿದರೆ ನಾಯಿಗಳೂ ಕೈಗೆ ಸಿಗುವುದಿಲ್ಲ.

ಕೊನೆಯದಾಗಿ, ಬೆಳಗಿನ ರೈಲು. ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆ ಹಾದು ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ತಿರುಗಿ ಬರುವವರು ಈ ಸಭೆಯಲ್ಲಿ ಕಡಿಮೆ, ಅವರಿಗೆ ಬಿಡುವಿಲ್ಲ. ಅವರ ಮನೆಯವರು ಕೇಳಿಸಿಕೊಳ್ಳಿ. ಮೊದಲ ಇಂಜೆಕ್ಷನ್ ಎಲ್ಲರೂ ಹಾಕಿಸಿಕೊಳ್ಳುತ್ತಾರೆ, ಆಗ ಹೆದರಿಕೆ ಇರುತ್ತದೆ. ಮೂರನೇ ದಿನದ್ದು ಹೇಗೋ ನಡೆಯುತ್ತದೆ. ಏಳನೆಯ ದಿನದ ಹೊತ್ತಿಗೆ ಗಾಯ ಒಣಗಿ, ಕೂಲಿ ಕಳೆದುಕೊಳ್ಳುವುದು ಯಾಕೆ ಅನ್ನಿಸುತ್ತದೆ. ತಪ್ಪಿಹೋಗುವುದು ಅಲ್ಲೇ. ಒಂದು ಆಸ್ಪತ್ರೆಯಲ್ಲಿ ಶುರು ಮಾಡಿದ್ದನ್ನು ಅಲ್ಲೇ ಮುಗಿಸಬೇಕೆಂಬ ಕಟ್ಟಲೆ ಇಲ್ಲ. ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸೀಸನ್ ಪಾಸಿನ ಜೊತೆ ಇಟ್ಟುಕೊಳ್ಳಲಿ, ಕೆಲಸದ ಜಾಗದ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಲಿ. ತಾರೀಕನ್ನು ಮನೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಕೃತ್ತಿಕೆ ಗುರುತು ಮಾಡುವ ಕೈಗಳೇ ಗುರುತು ಮಾಡಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದ ಪದರಕ್ಕೆ ಹಾಕುವ ಕ್ರಮದಲ್ಲಾದರೆ ಮೊದಲ ದಿನ, ಅಲ್ಲಿಂದ ಮೂರಕ್ಕೆ, ಏಳಕ್ಕೆ, ಇಪ್ಪತ್ತೆಂಟಕ್ಕೆ.